ಮದುವೆಯಾದ ವರ್ಷದ ಟ್ಯಾಕ್ಸ್ ರಿಟರ್ನ್

ನಮ್ಮ ಮದುವೆ ಆಗಿದ್ದು 2024ರ ಡಿಸೆಂಬರ್‌ನಲ್ಲಿ, ಮೈಸೂರಿನಲ್ಲಿ. ಡಿಸೆಂಬರ್ 31ಕ್ಕೆ ಮದುವೆಯಾಗಿದ್ದರೆ ಸಾಕು, ಅಮೆರಿಕದ ತೆರಿಗೆ ಲೆಕ್ಕಕ್ಕೆ ಇಡೀ ವರ್ಷ ಮದುವೆಯಾದವರೇ. ಹಾಗಾಗಿ ಡಲ್ಲಾಸ್‌ಗೆ ಬಂದ ಕೂಡಲೇ ಪ್ರಶ್ನೆ ಎದ್ದಿತು: ರಿಟರ್ನ್ ಒಟ್ಟಿಗೆ ಹಾಕೋದಾ, ಬೇರೆ ಬೇರೆಯಾ?

ನಮ್ಮ ಯಜಮಾನರಿಗೆ ಗ್ರೀನ್ ಕಾರ್ಡ್ ಇದೆ, ಹಾಗಾಗಿ ತೆರಿಗೆ ಲೆಕ್ಕಕ್ಕೆ ಅವರು ರೆಸಿಡೆಂಟ್, ಅಂದರೆ ಅಲ್ಲಿನ ನಿವಾಸಿ. ನಾನು ಆಗ ವಿದ್ಯಾರ್ಥಿಗಳ ಎಫ್-1 ವೀಸಾದಲ್ಲಿ ಎಂ.ಎಸ್. ಓದುತ್ತಿದ್ದೆ. ಎಫ್-1ನವರನ್ನು ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್ ಸಾಮಾನ್ಯವಾಗಿ ಮೊದಲ 5 ಕ್ಯಾಲೆಂಡರ್ ವರ್ಷ ನಾನ್‌ರೆಸಿಡೆಂಟ್ ಅಂತಲೇ ನೋಡುತ್ತದೆ. ನಾನ್‌ರೆಸಿಡೆಂಟ್ ಹಾಕುವ 1040-ಎನ್‌ಆರ್ ಫಾರ್ಮಿನಲ್ಲಿ ಜಾಯಿಂಟ್ ಅನ್ನೋದೇ ಇಲ್ಲ. ಆದರೆ ಒಂದು ದಾರಿ ಇದೆ. ಗಂಡ ಹೆಂಡತಿಯಲ್ಲಿ ಒಬ್ಬರು ಸಿಟಿಜನ್ ಅಥವಾ ರೆಸಿಡೆಂಟ್ ಆಗಿದ್ದರೆ, ‘ನಮ್ಮಿಬ್ಬರನ್ನೂ ಇಡೀ ವರ್ಷಕ್ಕೆ ರೆಸಿಡೆಂಟ್ ಎಂದು ಪರಿಗಣಿಸಿ’ ಅಂತ ಇಬ್ಬರೂ ಸಹಿ ಹಾಕಿ ಬರೆದುಕೊಡಬಹುದು. ಇದು ತೆರಿಗೆಗೆ ಮಾತ್ರ. ನನ್ನ ವೀಸಾ ಹೇಗಿತ್ತೋ ಹಾಗೇ ಇರುತ್ತದೆ.

‘29,200 ಡಾಲರ್ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುತ್ತೆ, ಕಣ್ಣು ಮುಚ್ಕೊಂಡು ಜಾಯಿಂಟ್ ಹಾಕು’ ಅಂದರು ಗೆಳತಿಯರು. ತೆರಿಗೆ ಲೆಕ್ಕ ಹಾಕುವ ಮೊದಲು ಆದಾಯದಿಂದ ಕಳೆಯುವ ಮೊತ್ತ ಅದು. ನನಗೆ ಹಾಗೆ ಮಾಡಲು ಮನಸ್ಸು ಬರಲಿಲ್ಲ. ಭಾರತದ ವಿದ್ಯಾರ್ಥಿಗಳಿಗೆ ಎರಡು ದೇಶಗಳ ತೆರಿಗೆ ಒಪ್ಪಂದದ 21ನೇ ವಿಧಿಯಿಂದಾಗಿ, ನಾನ್‌ರೆಸಿಡೆಂಟ್ ಆಗಿದ್ದರೂ 2024ರ ಲೆಕ್ಕಕ್ಕೆ 14,600 ಸಿಕ್ಕೇ ಸಿಗುತ್ತಿತ್ತು. ಯಜಮಾನರದ್ದೂ 14,600. ಕೂಡಿದರೆ ಅಷ್ಟೇ ಆಯಿತಲ್ವಾ? ಲಾಭ ಬೇರೆ ಕಡೆ ಇತ್ತು. ಕ್ಯಾಂಪಸ್ ಕೆಲಸದಿಂದ ನನಗೆ ಬಂದಿದ್ದು ಕಡಿಮೆ, ನನ್ನ ಡಿಡಕ್ಷನ್ ಪೂರ್ತಿ ಬಳಕೆಯಾಗುತ್ತಲೇ ಇರಲಿಲ್ಲ. ಆ ವರ್ಷ ಅವರೊಬ್ಬರೇ ಹಾಕಿದ್ದರೆ, ಡಿಡಕ್ಷನ್ ಕಳೆದ ಮೇಲೆ 47,150 ದಾಟಿದ ಆದಾಯಕ್ಕೆ ಶೇ. 22. ಜಾಯಿಂಟ್ ಆದರೆ 94,300ರವರೆಗೂ ಶೇ. 12ರೊಳಗೇ. ಜೊತೆಗೆ ನಾನು ಕಟ್ಟಿದ ಟ್ಯೂಷನ್ ಫೀಸಿಗೆ ಲೈಫ್‌ಟೈಮ್ ಲರ್ನಿಂಗ್ ಕ್ರೆಡಿಟ್, ಅಂದರೆ ಕಟ್ಟಬೇಕಾದ ತೆರಿಗೆಯಲ್ಲೇ ಕಡಿತ, 2,000 ಡಾಲರ್‌ವರೆಗೆ. ಬೇರೆ ಬೇರೆ ಹಾಕಿದರೆ ಅದು ಇಬ್ಬರಿಗೂ ಇಲ್ಲ.

ಇದಕ್ಕೆ ಕೊಡಬೇಕಾದ್ದೂ ಇದೆ. ರೆಸಿಡೆಂಟ್ ಅಂದಮೇಲೆ ಪ್ರಪಂಚದ ಯಾವ ಮೂಲೆಯ ಆದಾಯವನ್ನೂ ತೋರಿಸಬೇಕು. ಅಪ್ಪ ನನ್ನ ಹೆಸರಿನಲ್ಲಿ ಇಟ್ಟಿದ್ದ ಎಫ್‌ಡಿ ಬಡ್ಡಿ ಕೂಡ. ಬ್ಯಾಂಕಿನವರು ಕೊಡುವ ಬಡ್ಡಿ ಸರ್ಟಿಫಿಕೇಟು ಏಪ್ರಿಲ್‌ನಿಂದ ಮಾರ್ಚ್‌ವರೆಗಿನದು, ಇಲ್ಲಿ ಬೇಕಾಗಿದ್ದು ಜನವರಿಯಿಂದ ಡಿಸೆಂಬರ್‌ದು.

‘ಅವರ ಹತ್ರ ಹಾಗೆ ಬರಲ್ವಂತಮ್ಮ, ನಾನೇ ಓದ್ತೀನಿ ಬರ್ಕೋ’ ಅಂದರು ಅಪ್ಪ ಫೋನಿನಲ್ಲಿ. ಕನ್ನಡಕ ಏರಿಸಿಕೊಂಡು ಸ್ಟೇಟ್‌ಮೆಂಟಿನ ಒಂದೊಂದೇ ಸಾಲು ಓದಿದರು. ತಾರೀಕು, ಬಡ್ಡಿ, ಟಿಡಿಎಸ್. ‘ಪೈಸೆನೂ ಹೇಳ್ಲಾ?’ ಅಂತ ಬೇರೆ ಕೇಳಿದರು. ಹೇಳಿ ಅಂದೆ. ಯಜಮಾನರು ಪಕ್ಕದಲ್ಲಿ ಕೂತು ಎಕ್ಸೆಲ್ ಶೀಟಿಗೆ ತುಂಬಿದರು. ಮಾವ ಅಳಿಯ ಅಷ್ಟು ಹೊತ್ತು ಒಟ್ಟಿಗೆ ಮಾತಾಡಿದ್ದು ಅವತ್ತೇ ಮೊದಲು. ನನಗೆ ತುಂಬಾ ಖುಷಿಯಾಯಿತು.

ಯೂನಿವರ್ಸಿಟಿ ಕೊಟ್ಟ ಸಾಫ್ಟ್‌ವೇರ್ ನಾನ್‌ರೆಸಿಡೆಂಟ್‌ಗಳಿಗೆ ಮಾತ್ರ. ಹಾಗಾಗಿ ರೆಸಿಡೆಂಟ್‌ಗಳು ಹಾಕುವ 1040 ಫಾರ್ಮ್ ನಾವೇ ತುಂಬಿದೆವು. ಒಂದು ಹಾಳೆಯಲ್ಲಿ ಇಬ್ಬರ ಹೆಸರು, ವಿಳಾಸ, ಸೋಷಿಯಲ್ ಸೆಕ್ಯುರಿಟಿ ನಂಬರ್ ಬರೆದು, ವರ್ಷದ ಕೊನೆಯ ದಿನ ಯಾರು ರೆಸಿಡೆಂಟ್, ಯಾರು ಅಲ್ಲ ಅಂತ ತಿಳಿಸಿ ಸಹಿ ಹಾಕಿದೆವು. ಈ ಹೇಳಿಕೆ ಮುಂದಿನ ವರ್ಷಗಳಿಗೂ ನಡೆಯುತ್ತದೆ. ಒಮ್ಮೆ ಹಿಂತೆಗೆದುಕೊಂಡರೆ ಮತ್ತೆ ಈ ಆಯ್ಕೆ ಸಿಗಲ್ಲ. ಇದನ್ನು ಓದಿಕೊಂಡೇ ಸಹಿ ಹಾಕಬೇಕು ಅಂತ ಎಲ್ಲರಿಗೂ ಹೇಳುತ್ತೇನೆ. ಏಪ್ರಿಲ್ 15ಕ್ಕೆ ಮುಂಚೆಯೇ ಪೋಸ್ಟ್ ಮಾಡಿದೆವು. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಆ ಕೆಲಸ ಉಳಿಯಿತು.

ಓದು ಮುಗಿಸಿ ಒಪಿಟಿಯಲ್ಲಿ (ಎಫ್-1ನವರಿಗೆ ಸಿಗುವ ತಾತ್ಕಾಲಿಕ ಕೆಲಸದ ಅನುಮತಿ) ಕೆಲಸಕ್ಕೆ ಸೇರಿದಾಗ ಪೇರೋಲ್‌ನವರು, ‘ಜಾಯಿಂಟ್ ಹಾಕಿದ್ದೀರಲ್ಲ, ಇನ್ನು ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ ಹಿಡಿಯಬೇಕು’ ಅಂದರು. ಪಿಂಚಣಿ, ಹಿರಿಯರ ಆರೋಗ್ಯ ವಿಮೆಗಾಗಿ ಸಂಬಳದಿಂದ ಹಿಡಿಯುವ ಆ ಎರಡು ತೆರಿಗೆಗಳ ಮಟ್ಟಿಗೆ ನಾನಿನ್ನೂ ನಾನ್‌ರೆಸಿಡೆಂಟ್. ಐಆರ್‌ಎಸ್‌ನ ನಿಯಮ ಕಳಿಸಿದೆ. ಮುಂದಿನ ಸಂಬಳದಿಂದ ಶೇ. 7.65 ಕಡಿತವಾಗಲಿಲ್ಲ.