ಹದಿನೆಂಟರಲ್ಲಿ ಹನ್ನೊಂದು ಪಾತ್ ಮುಗಿಯಿತು

ಕೈ ಉಪಕರಣಗಳ ಬಗ್ಗೆ ಒಂದು ಪುಟ್ಟ ಪುಸ್ತಕದ ಲೇಔಟ್ ಮಾಡುತ್ತಿದ್ದೇನೆ. ಒಟ್ಟು 18 ಫೋಟೋ. ಒಂದೊಂದರಲ್ಲೂ ಉಪಕರಣವನ್ನು ಹಿನ್ನೆಲೆಯಿಂದ ಬಿಡಿಸಬೇಕು, ಅದರ ಆಕಾರದ ಸುತ್ತ ಬರಹದ ಸಾಲುಗಳು ಬಳಸಿ ಹೋಗಬೇಕು. ಇವತ್ತಿಗೆ 11 ಮುಗಿದಿವೆ. ಅದರಲ್ಲಿ ಮೂರನ್ನು ಎರಡೆರಡು ಸಲ ಮಾಡಿದೆ.

ಒಂದೇ ಕ್ಲಿಕ್‌ಗೆ ವಸ್ತುವನ್ನು ಆರಿಸಿಕೊಡುವ ಟೂಲ್‌ಗಳಿವೆ ಅಲ್ವಾ, ಮೊದಲು ಅವನ್ನೇ ಬಳಸಿ ನೋಡಿದೆ. ದೂರದಿಂದ ಚೆನ್ನಾಗಿಯೇ ಕಂಡಿತು. ಹತ್ತಿರ ಹೋದರೆ ಉಳಿಯ ಅಂಚು ಅಲೆಅಲೆಯಾಗಿತ್ತು. ಹೊಳೆಯುವ ಉಕ್ಕು ಬಿಳಿ ಹಿನ್ನೆಲೆಯಲ್ಲಿ ಕರಗಿದ ಕಡೆ ಆ ಟೂಲ್‌ಗೆ ಅಂಚೇ ಸಿಕ್ಕಿರಲಿಲ್ಲ. ಅಲ್ಲಿ ಕಣ್ಣಿಗೂ ಏನೂ ಕಾಣುವುದಿಲ್ಲ, ನಿಜ. ಆದರೆ ಉಳಿಯ ಅಂಚು ನೇರ ಅಂತ ನನಗೆ ಗೊತ್ತು. ಗೊತ್ತಿರುವುದನ್ನು ಎಳೆಯಲು ಬಿಡುವುದು ಫೋಟೋಶಾಪ್‌ನ ಪೆನ್ ಟೂಲ್ ಮಾತ್ರ: ಕ್ಲಿಕ್ ಮಾಡಿ ಪಾಯಿಂಟ್ ಹಾಕುತ್ತಾ ಹೋದರೆ ಅವನ್ನು ಸೇರಿಸುವ ಗೆರೆ ಬರುತ್ತದೆ, ಆ ಗೆರೆಯೇ ಪಾತ್. ಈ ಕೆಲಸಕ್ಕೆ ಪಾತ್ ಸರಿ ಅನಿಸಿದ್ದು ಅದಕ್ಕೇ.

ಮೊದಲು ಸುತ್ತಿಗೆ. ಅಂಚು ತಪ್ಪಬಾರದು ಅಂತ ಹೆಜ್ಜೆಹೆಜ್ಜೆಗೂ ಕ್ಲಿಕ್ ಮಾಡಿದೆ, 64 ಪಾಯಿಂಟ್ ಆಯಿತು. ಪುಟ ಜೋಡಿಸುವ ಇನ್‌ಡಿಸೈನ್‌ಗೆ ತಂದು ನೋಡಿದರೆ ಮರದ ಹಿಡಿಯ ತುಂಬ ಸಣ್ಣಸಣ್ಣ ಮೂಲೆಗಳು. ಅಳಿಸಿ ಮತ್ತೆ ಶುರು ಮಾಡಿದೆ. ಈ ಸಲ ಕ್ಲಿಕ್ ಮಾಡುವ ಮುಂಚೆ ಸುಮ್ನೆ ಹಿಡಿಯನ್ನೇ ನೋಡುತ್ತಾ ಕೂತೆ. ನೇರ ಅಂದುಕೊಂಡಿದ್ದ ಹಿಡಿ ನಡುವೆ ಸ್ವಲ್ಪ ಉಬ್ಬಿದೆ, ಕೆಳಗೆ ಸಣ್ಣಗಾಗಿ ತುದಿಯಲ್ಲಿ ಮತ್ತೆ ದಪ್ಪಗಾಗಿದೆ. ಉಬ್ಬು ಹೆಚ್ಚಾದ ಕಡೆ ಒಂದು, ತೀರಾ ಸಣ್ಣಗಾದ ಕಡೆ ಒಂದು, ಹೀಗೆ ಹಾಕುತ್ತಾ ಹೋದರೆ 17ಕ್ಕೆ ಮುಗಿಯಿತು. ಗೆರೆ ನುಣುಪಾಗಿ ಬಂತು.

ಇದು ಪೆನ್ ಟೂಲ್ ಎಳೆಯುವ ಬೆಜಿಯರ್ ಗೆರೆಗಳ ಗುಣ. ಫ್ರಾನ್ಸ್‌ನ ಕಾರು ಕಂಪನಿಗಳಲ್ಲಿ ಹುಟ್ಟಿದ ಲೆಕ್ಕ ಇದು: ಸಿಟ್ರೋಯೆನ್‌ನಲ್ಲಿ ಪಾಲ್ ದ ಕಾಸ್ಟೆಲ್ಜೋ, ರೆನೋದಲ್ಲಿ ಪಿಯೆರ್ ಬೆಜಿಯರ್. ಕಾರಿನ ಮೈಯ ಬಾಗನ್ನು ಕೆಲವೇ ಬಿಂದುಗಳಲ್ಲಿ ಹೇಳುವುದು ಅವರ ಗುರಿಯಾಗಿತ್ತು. ಪಾಯಿಂಟ್‌ನಿಂದ ಹೊರಡುವ ಗೆರೆ ತನ್ನ ಹ್ಯಾಂಡಲ್ (ಪಾಯಿಂಟ್‌ಗೆ ಅಂಟಿದ, ಎಳೆಯಬಹುದಾದ ಕಡ್ಡಿ) ತೋರಿಸಿದ ದಿಕ್ಕಿಗೇ ಹೊರಡುತ್ತದೆ. ಹ್ಯಾಂಡಲ್ ಉದ್ದವಾದಷ್ಟೂ ಅದೇ ದಿಕ್ಕಿನಲ್ಲಿ ಜಾಸ್ತಿ ದೂರ ಸಾಗುತ್ತದೆ. ಎರಡು ಪಾಯಿಂಟ್‌ಗಳ ನಡುವಿನ ದೂರದ ಸುಮಾರು ಮೂರನೇ ಒಂದು ಭಾಗದಷ್ಟು ಹ್ಯಾಂಡಲ್ ಎಳೆದರೆ ಹೆಚ್ಚಿನ ಬಾಗುಗಳು ಸಲೀಸಾಗಿ ಕೂರುತ್ತವೆ. ಮೂಲೆ ಬಂದಾಗ ಆಲ್ಟ್ ಕೀ ಒತ್ತಿ ಮುಂದಿನ ಹ್ಯಾಂಡಲ್‌ನ ದಿಕ್ಕು ಬದಲಿಸುತ್ತೇನೆ.

ಎರಡು ಸಲ ಮಾಡಿದ ಇನ್ನೊಂದು ಇಕ್ಕಳ. ಪಾತ್ ಮುಗಿಸಿದೆ, ಹೆಸರು ಕೊಟ್ಟು ಉಳಿಸಲಿಲ್ಲ. ಫೋಟೋಶಾಪ್‌ನಲ್ಲಿ ಅದು ಬರೀ ವರ್ಕ್ ಪಾತ್, ತಾತ್ಕಾಲಿಕ. ಆಯ್ಕೆ ಬಿಟ್ಟು ಬೇರೆಡೆ ಹೊಸ ಗೆರೆ ಶುರು ಮಾಡಿದ್ದೇ ತಡ, ಹಳೆಯದು ಹೋಯಿತು. ಗಮನಕ್ಕೆ ಬರುವಷ್ಟರಲ್ಲಿ ಫೈಲ್ ಮುಚ್ಚಿದ್ದೆ. ಒಂದು ಗಂಟೆಯ ಕೆಲಸ, ತುಂಬಾ ಬೇಜಾರಾಯಿತು. ಈಗ ಮೊದಲ ಪಾಯಿಂಟ್ ಹಾಕಿದ ಕೂಡಲೇ ವರ್ಕ್ ಪಾತ್ ಮೇಲೆ ಡಬಲ್ ಕ್ಲಿಕ್ ಮಾಡಿ ಹೆಸರು ಕೊಡುತ್ತೇನೆ.

ಮೂರನೆಯದು ಉಳಿಯೇ. ಗೆರೆಯನ್ನು ಸರಿಯಾಗಿ ಅಂಚಿನ ಮೇಲೆಯೇ ಎಳೆದಿದ್ದೆ. ಬಣ್ಣದ ಪುಟಕ್ಕೆ ಹಾಕಿದಾಗ ಸುತ್ತಲೂ ತೆಳ್ಳಗೆ ಬಿಳಿ ಪಟ್ಟಿ ಉಳಿಯಿತು. ಫೋಟೋದಲ್ಲಿ ಅಂಚು ಅನ್ನುವುದು ಒಂದು ಗೆರೆ ಅಲ್ಲ, ವಸ್ತುವಿನ ಬಣ್ಣವೂ ಹಿನ್ನೆಲೆಯ ಬಣ್ಣವೂ ಬೆರೆತ ಒಂದೆರಡು ಪಿಕ್ಸೆಲ್. ಆಮೇಲಿನದೆಲ್ಲ 300% ಹಿಗ್ಗಿಸಿಕೊಂಡು, ಅಂಚಿನಿಂದ ಒಂದೆರಡು ಪಿಕ್ಸೆಲ್ ಒಳಗೇ ಎಳೆದಿದ್ದೇನೆ.

ಕತ್ತರಿ ಸುಲಭವಾಗೇ ಆಯಿತು. ಬೆರಳು ತೂರುವ ಎರಡು ತೂತುಗಳಿಗೆ ಅದೇ ಪಾತ್‌ನೊಳಗೆ ಬೇರೆ ಗೆರೆ ಎಳೆದು, ಎಕ್ಸ್‌ಕ್ಲೂಡ್ ಓವರ್‌ಲ್ಯಾಪಿಂಗ್ ಶೇಪ್ಸ್ (ಒಳಗಿನ ಭಾಗವನ್ನು ತೂತಾಗಿಸುವ ಆಯ್ಕೆ) ಆರಿಸಿದರೆ ಸಾಕು.

ಬಣ್ಣ ಬಳಿಯುವ ಬ್ರಷ್‌ಗೆ ಮಾತ್ರ ಪಾತ್ ಒಗ್ಗಲಿಲ್ಲ. ಕೂದಲಿನ ತುದಿಯನ್ನು ಗೆರೆಯಲ್ಲಿ ಕತ್ತರಿಸಿದರೆ ರಟ್ಟಿನಿಂದ ಮಾಡಿದ ಹಾಗೆ ಕಾಣುತ್ತದೆ. ಹಿಡಿಗೆ ಪಾತ್, ಕೂದಲಿಗೆ ಲೇಯರ್ ಮಾಸ್ಕ್ (ಬೇಡದ ಭಾಗವನ್ನು ಮೃದುವಾಗಿ ಮರೆಮಾಡುವುದು) ಮಾಡಿ, ಅದೊಂದನ್ನು ಫೋಟೋಶಾಪ್‌ನದೇ ಫೈಲ್ ಆದ ಪಿಎಸ್‌ಡಿಯಾಗಿಯೇ ಇಟ್ಟೆ. ಉಳಿದ ಹತ್ತೂ ಜೆಪೆಗ್. ಜೆಪೆಗ್‌ಗೆ ಪಾರದರ್ಶಕತೆ ಇಲ್ಲ, ಆದರೆ ಪಾತ್ ಹೊತ್ತುಕೊಂಡು ಬರುತ್ತದೆ. ಇನ್‌ಡಿಸೈನ್‌ನ ಕ್ಲಿಪಿಂಗ್ ಪಾತ್ ಆಯ್ಕೆಯಲ್ಲಿ ಫೋಟೋಶಾಪ್ ಪಾತ್ ಅಂತ ಕೊಟ್ಟರೆ ಹಿನ್ನೆಲೆ ಮಾಯ. ಸಾಲುಗಳನ್ನು ಆಕಾರದ ಸುತ್ತ ಹರಿಸುವ ಟೆಕ್ಸ್ಟ್ ರ್‍ಯಾಪ್‌ಗೂ ಅದೇ ಗೆರೆ ಸಾಕು. ಸುತ್ತಿಗೆಯ ತಲೆಯ ಕೆಳಗೆ ಸಾಲುಗಳು ಒಳಕ್ಕೆ ಸರಿದು ನಿಂತದ್ದನ್ನು ನೋಡಿ ತುಂಬಾ ಹೊತ್ತು ಪುಟ ಬದಲಿಸಲಿಲ್ಲ.

ಪಾತ್ ಜೊತೆಗೆ ನೆರಳೂ ಕತ್ತರಿಸಿ ಹೋಗುತ್ತದೆ. ಅದನ್ನು ಬೇರೆ ಲೇಯರ್‌ನಲ್ಲಿ ಮಲ್ಟಿಪ್ಲೈ (ಕೆಳಗಿನ ಬಣ್ಣವನ್ನು ಗಾಢ ಮಾಡುವ ಆಯ್ಕೆ) ಮಾಡಿ ಮತ್ತೆ ಕೂರಿಸಬೇಕು, ಇನ್ನೂ ಶುರು ಮಾಡಿಲ್ಲ.

ಉಳಿದ ಏಳರಲ್ಲಿ ಗರಗಸ ದೊಡ್ಡದು. ಒಂದು ಹಲ್ಲು ಎಳೆದು ಅದನ್ನೇ ನಕಲು ಮಾಡೋಣ ಅಂದುಕೊಂಡಿದ್ದೆ. ಓರೆಯಾಗಿ ತೆಗೆದ ಫೋಟೋ ಆದ್ದರಿಂದ ದೂರದ ಹಲ್ಲುಗಳು ಚಿಕ್ಕದಾಗುತ್ತಾ ಹೋಗಿವೆ, ನಕಲು ಕೂರುವುದಿಲ್ಲ. ಎಣಿಸಿದೆ, 92 ಹಲ್ಲು. ನಾಳೆ ಹಿಡಿಯ ಕಡೆಯಿಂದ ಶುರು ಮಾಡುತ್ತೇನೆ.