ಮಧ್ಯಾಹ್ನ 12.40, ಎ.ಸಿ. ಬಂದ್

ಧಾರವಾಡದಲ್ಲಿ ನಾನು ಕೆಲಸ ಮಾಡುವ ಪ್ರಯೋಗಾಲಯದ ಬಾಗಿಲ ಪಕ್ಕ ಕೆಂಪು ರಟ್ಟಿನ ಒಂದು ರಜಿಸ್ಟರ್ ಇದೆ. ಅದನ್ನು ಬರೆಯುವವರು ನಮ್ಮ ಲ್ಯಾಬ್ ಸಹಾಯಕರು. ನನಗಿಂತ ಹಿರಿಯರು, ನಾವೆಲ್ಲ ಕಾಕಾ ಎನ್ನುತ್ತೇವೆ. ಯಾರು ಎಷ್ಟು ಹೊತ್ತಿಗೆ ಬಂದರು, ಯಾವ ಕೀಲಿ ಯಾರ ಹತ್ತಿರ ಇದೆ, ಕುಡಿಯುವ ನೀರಿನ ಕ್ಯಾನ್ ಬಂತೋ ಇಲ್ಲವೋ ಎಲ್ಲವೂ ಅದರಲ್ಲಿರುತ್ತದೆ. ವರ್ಷಗಟ್ಟಲೆ ನಾನು ಅದರಲ್ಲಿ ಸಹಿ ಮಾಡಿದ್ದೆನೇ ಹೊರತು ಒಂದು ಸಾಲನ್ನೂ ಓದಿರಲಿಲ್ಲ. ಒಂದು ಮೇ ತಿಂಗಳಲ್ಲಿ ಓದಬೇಕಾಯಿತು.

ನನ್ನ ಕೆಲಸ ವಸ್ತುಗಳನ್ನು ಹಿಂಡುವುದು. ಒತ್ತಡದ ಮೇಲೆ ಕೆಲಸ ಮಾಡುತ್ತೇನೆ ಎಂದರೆ ಗದಗಿನ ನಮ್ಮ ಬೀಗರು 'ಒತ್ತಡ ಯಾರಿಗಿಲ್ಲ ಹೇಳಿ' ಎಂದು ನಗುತ್ತಾರೆ, ಅದಕ್ಕೇ ಹಿಂಡುವುದು ಎನ್ನುತ್ತೇನೆ. ಎರಡು ವಜ್ರಗಳು, ಎರಡರ ತುದಿಯನ್ನೂ ಚಪ್ಪಟೆಯಾಗಿ ಕತ್ತರಿಸಿರುತ್ತಾರೆ, ಆ ಚಪ್ಪಟೆಯ ಅಗಲ 0.4 ಮಿಲಿಮೀಟರ್. ತುದಿಗೆ ತುದಿ ಎದುರಾಗುವಂತೆ ಇಟ್ಟು ನಡುವೆ ತೆಳುವಾದ ಉಕ್ಕಿನ ತಗಡು, ತಗಡಿನಲ್ಲೊಂದು ತೂತು, ತೂತಿನೊಳಗೆ ನಾವು ಪರೀಕ್ಷಿಸಬೇಕಾದ ವಸ್ತು. ಸುತ್ತಲಿನ ಸ್ಕ್ರೂಗಳನ್ನು ಅಲೆನ್ ಕೀಯಿಂದ ಬಿಗಿ ಮಾಡುತ್ತ ಹೋಗುವುದು. ಇಡೀ ಸಾಧನ ಮುಷ್ಟಿಯಲ್ಲಿ ಹಿಡಿಸುತ್ತದೆ. ಇದರಲ್ಲಿ 10 ಗಿಗಾಪಾಸ್ಕಲ್, ಅಂದರೆ ಹತ್ತಿರ ಹತ್ತಿರ ಒಂದು ಲಕ್ಷ ವಾಯುಮಂಡಲಗಳಷ್ಟು ಒತ್ತಡ ತರಲು ಬೇಕಾದ ಬಲವೆಷ್ಟು? ಒಂದೂಕಾಲು ಕ್ವಿಂಟಲ್ ಭಾರದಷ್ಟು. ಜೋಳದ ಒಂದು ಚೀಲಕ್ಕಿಂತ ತುಸು ಹೆಚ್ಚು. ಬಲ ದೊಡ್ಡದಲ್ಲ, ಅದು ಬೀಳುವ ಜಾಗ ಚಿಕ್ಕದು.

1950ರ ದಶಕದ ಕೊನೆಯಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಇದನ್ನು ಕಟ್ಟಿದವರಿಗೆ ವಜ್ರ ಸಿಕ್ಕಿದ್ದು ಕಳ್ಳಸಾಗಣೆದಾರರಿಂದ ಸರ್ಕಾರ ವಶಪಡಿಸಿಕೊಂಡ ಮಾಲಿನಿಂದ. ನಮಗೆ ಆ ಭಾಗ್ಯವಿಲ್ಲ, ಟೆಂಡರ್ ಕರೆಯಬೇಕು. ವಜ್ರ ಗಟ್ಟಿ ನಿಜ, ಆದರೆ ಎರಡು ತುದಿಗಳು ಕೂದಲೆಳೆಯಷ್ಟು ಓರೆಯಾಗಿ ಕೂತರೂ ಸಾಕು, ಟಿಕ್ ಎಂಬ ಸಣ್ಣ ಸದ್ದಿನಲ್ಲಿ ಸೀಳಿಹೋಗುತ್ತದೆ. ಆ ಸದ್ದು ಕೇಳಿದ ದಿನ ಯಾರೂ ಊಟಕ್ಕೆ ಹೋಗುವುದಿಲ್ಲ.

ವಜ್ರ ಪಾರದರ್ಶಕವಾದ್ದರಿಂದ ಒಳಗೆ ನಡೆಯುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಬರುವ ಶಾಲೆಯ ಮಕ್ಕಳಿಗೆ ನಾನು ನೀರನ್ನು ಹಿಂಡಿ ತೋರಿಸುತ್ತೇನೆ. ಸುಮಾರು 1 ಗಿಗಾಪಾಸ್ಕಲ್ ದಾಟುವಾಗ, ಕೋಣೆಯ ಉಷ್ಣತೆಯಲ್ಲೇ, ನೀರಿನೊಳಗೆ ಮಂಜುಗಡ್ಡೆಯ ಹರಳು ಮೂಡುತ್ತದೆ. 'ಸರ್, ಮುಟ್ಟಿದರೆ ತಣ್ಣಗಿರುತ್ತದೆಯೇ?' ಎಂದು ಒಬ್ಬ ಹುಡುಗಿ ಕೇಳಿದ್ದಳು. ಇಲ್ಲ, ನಿನ್ನ ಕೈಯಲ್ಲಿರುವ ಪೆನ್ನಿನಷ್ಟೇ ಬೆಚ್ಚಗೆ ಎಂದೆ. ಅವಳು ನಂಬಲಿಲ್ಲ.

ಒತ್ತಡ ಎಷ್ಟಾಯಿತು ಎಂದು ತೋರಿಸುವ ಮುಳ್ಳು ಈ ಸಾಧನಕ್ಕಿಲ್ಲ. ಅದಕ್ಕೆ ವಸ್ತುವಿನ ಜೊತೆ ಮಾಣಿಕ್ಯದ ಒಂದು ಕಣವನ್ನು ಇಡುತ್ತೇವೆ. ಸೂಜಿಯ ತುದಿಗೆ ಅಂಟಿಸಿಕೊಂಡು, ಉಸಿರು ಬಿಗಿಹಿಡಿದು ಇಡಬೇಕು. ಉಸಿರು ಬಿಟ್ಟರೆ ಕಣವೂ ಇಲ್ಲ. ಆಮೇಲೆ ಒತ್ತಡ ಎಲ್ಲ ಕಡೆಯಿಂದ ಸಮವಾಗಿ ಬೀಳಲೆಂದು ಮೆಥನಾಲ್ ಮತ್ತು ಎಥನಾಲ್ 4:1ರ ಮಿಶ್ರಣದ ಒಂದು ಹನಿ ಬಿಟ್ಟು, ಅದು ಆರುವ ಮೊದಲೇ ಮುಚ್ಚಬೇಕು. ಬೇಸಿಗೆಯಲ್ಲಿ ಹನಿ ಕಣ್ಣೆದುರೇ ಮಾಯವಾಗುತ್ತದೆ. ಮುಚ್ಚಿದ ಮೇಲೆ ಹಸಿರು ಲೇಸರ್ ಬಿಟ್ಟರೆ ಮಾಣಿಕ್ಯ ಕೆಂಪಗೆ ಬೆಳಗುತ್ತದೆ. ಆ ಕೆಂಪಿನ ಮುಖ್ಯ ರೇಖೆ ಸಾಮಾನ್ಯ ಒತ್ತಡದಲ್ಲಿ 694.2 ನ್ಯಾನೊಮೀಟರ್. ಹಿಂಡಿದಂತೆ ಪ್ರತಿ ಗಿಗಾಪಾಸ್ಕಲ್‌ಗೆ ಸುಮಾರು 0.365 ನ್ಯಾನೊಮೀಟರಿನಂತೆ ಮುಂದೆ ಸರಿಯುತ್ತದೆ. ಎಷ್ಟು ಸರಿಯಿತು ಎಂದು ಅಳೆದರೆ ಒತ್ತಡ ಗೊತ್ತಾಯಿತು. 1972ರಿಂದ ಬಂದ ಈ ಉಪಾಯವನ್ನೇ ಇಂದಿಗೂ ಜಗತ್ತೆಲ್ಲ ಬಳಸುತ್ತದೆ.

ಆ ಮೇ ತಿಂಗಳಲ್ಲಿ ನನ್ನ ಪಿಎಚ್.ಡಿ. ವಿದ್ಯಾರ್ಥಿನಿ ಪದರು ಪದರಾದ ಒಂದು ಸಲ್ಫೈಡನ್ನು ಹಿಂಡುತ್ತಿದ್ದಳು. ಒತ್ತಡ ಏರಿದಂತೆ ಅದರ ರಾಮನ್ ರೇಖೆ, ಅಂದರೆ ಚದುರಿದ ಲೇಸರ್ ಬೆಳಕಿನಲ್ಲಿ ಕಾಣುವ ಪರಮಾಣುಗಳ ಕಂಪನದ ಗುರುತು, ನೇರ ಗೆರೆಯಂತೆ ಏರಬೇಕು. ಏರಿತು. ಆದರೆ 5 ಗಿಗಾಪಾಸ್ಕಲ್ ಹತ್ತಿರ ಗೆರೆ ತುಸು ಮುರಿದು ಕೆಳಕ್ಕೆ ಸರಿದು ಮತ್ತೆ ಮುಂದುವರಿಯಿತು. ಎರಡು ದಿನ ಬಿಟ್ಟು ಹೊಸದಾಗಿ ತುಂಬಿಸಿ ಮಾಡಿದೆವು. ಮತ್ತೆ ಅಲ್ಲೇ ಮುರಿತ. ಸ್ಫಟಿಕದ ರಚನೆಯೇ ಬದಲಾಗುತ್ತಿದೆ ಎಂದು ನನಗೆ ಹುರುಪು ಬಂತು. ಮರುದಿನ ಬೆಳಿಗ್ಗೆ ಒತ್ತಡ ಇಳಿಸುವಾಗ ಮಾತ್ರ ಮುರಿತ ಕಾಣಲಿಲ್ಲ. ಬಿಂದುಗಳೆಲ್ಲ ಒಂದೇ ನೇರ ಗೆರೆಯಲ್ಲಿ ಕೂತವು. ಎಚ್ಚರಗೊಳ್ಳಬೇಕಾದ ಜಾಗ ಅದು. ನಾನು ಅದಕ್ಕೆ ಹಿಸ್ಟೆರಿಸಿಸ್, ಅಂದರೆ ಏರುವ ದಾರಿ ಬೇರೆ ಇಳಿಯುವ ದಾರಿ ಬೇರೆ, ಎಂದು ಹೆಸರಿಟ್ಟು ಸುಮ್ಮನಾದೆ.

ಸುಮ್ಮನಾಗಿದ್ದರೂ ಒಳ್ಳೆಯದಿತ್ತು. ತೀಕ್ಷ್ಣ ಎಕ್ಸ್-ಕಿರಣ ಹೊಮ್ಮಿಸುವ ಇಂದೋರಿನ ದೊಡ್ಡ ಯಂತ್ರ ಇಂಡಸ್-2ರಲ್ಲಿ ಅಳತೆಗೆ ಸಮಯ ಕೇಳೋಣವೆಂದು ಅಲ್ಲಿನ ಗೆಳೆಯನಿಗೆ ಫೋನ್ ಮಾಡಿ ಹೊಸ ಶೋಧದ ಸುದ್ದಿ ಹೇಳಿದೆ. ಅವನು ಎಲ್ಲ ಕೇಳಿಸಿಕೊಂಡು, 'ಅಳತೆ ಮಾಡಿದ್ದು ಎಷ್ಟು ಹೊತ್ತಿಗೆ?' ಎಂದ. ಇದೆಂತಹ ಪ್ರಶ್ನೆ ಎಂದು ನನಗೆ ಸಿಟ್ಟೇ ಬಂತು.

ಮರುವಾರ ವಿದ್ಯಾರ್ಥಿನಿ ಮೆಥನಾಲ್ ಬಾಟಲಿಗೆ ಸಹಿ ಹಾಕಲು ಹೋದವಳು ರಜಿಸ್ಟರನ್ನೇ ಎತ್ತಿಕೊಂಡು ಬಂದಳು. ಕಾಕಾ ಅವರ ದುಂಡು ಅಕ್ಷರ: 'ಮ. 12.40 ಎ.ಸಿ. ಬಂದ್. ವೋಲ್ಟೇಜ್ ಕಡಿಮೆ. ಸಂ. 5.10 ಚಾಲೂ.' ನಮ್ಮ ಎರಡೂ ಪ್ರಯೋಗಗಳ ದಿನ ಹೆಚ್ಚುಕಡಿಮೆ ಇದೇ ಸಾಲು. ಅವಳು ಕಂಪ್ಯೂಟರಿನ ಕಡತಗಳ ಸಮಯವನ್ನು ಪಕ್ಕದಲ್ಲಿಟ್ಟು ತೋರಿಸಿದಳು. ಮೊದಲ ದಿನ ಮುರಿತಕ್ಕೆ ಮುಂಚಿನ ಕೊನೆಯ ಅಳತೆ 12.22ಕ್ಕೆ, ಮುರಿತದ ನಂತರದ ಮೊದಲನೆಯದು 2.05ಕ್ಕೆ. ನಡುವೆ ನಾವು ಊಟಕ್ಕೆ ಹೋಗಿದ್ದೆವು. ಬೆಳಿಗ್ಗೆ ಶುರು ಮಾಡಿ ಒಂದೇ ಲಯದಲ್ಲಿ ಸ್ಕ್ರೂ ತಿರುಗಿಸುವ ನಾವು ಊಟದ ಹೊತ್ತಿಗೆ ಪ್ರತಿ ಸಲವೂ 5 ಗಿಗಾಪಾಸ್ಕಲ್ ಹತ್ತಿರ ಇರುತ್ತಿದ್ದೆವು.

ಮಾಣಿಕ್ಯದ ರೇಖೆ ಒತ್ತಡಕ್ಕೆ ಮಾತ್ರವಲ್ಲ, ಬಿಸಿಗೂ ಅದೇ ದಿಕ್ಕಿಗೆ ಸರಿಯುತ್ತದೆ, ಒಂದು ಡಿಗ್ರಿಗೆ ಸುಮಾರು 0.007 ನ್ಯಾನೊಮೀಟರ್. ಇದನ್ನು ಪ್ರತಿವರ್ಷ ತರಗತಿಯಲ್ಲಿ ಕಲಿಸುವವನು ನಾನೇ. ಲೇಸರ್, ಕಂಪ್ಯೂಟರ್ ಯು.ಪಿ.ಎಸ್. ಮೇಲೆ ನಡೆಯುತ್ತಿದ್ದವು; ಎ.ಸಿ. ಮಾತ್ರ ನಿಂತು ಕಿಟಕಿಯಿಲ್ಲದ ಕೋಣೆ 24ರಿಂದ 33 ಡಿಗ್ರಿಗೆ ಏರುತ್ತಿತ್ತು. ನಾವು ಧಗೆಯನ್ನು ಬೈದುಕೊಳ್ಳುತ್ತ ಬೆವರು ಒರೆಸಿಕೊಂಡು ಕೆಲಸ ಮುಂದುವರಿಸಿದೆವು. ಹೋಲಿಕೆಗೆಂದು ಸಾಧನದ ಹೊರಗಿಟ್ಟ, ಹಿಂಡದ ಮಾಣಿಕ್ಯವನ್ನು ಬೆಳಿಗ್ಗೆ ಒಮ್ಮೆ ಅಳೆದು ಅದೇ ಸಂಖ್ಯೆಯನ್ನು ದಿನವಿಡೀ ಹಿಡಿದುಕೊಂಡಿದ್ದೆವು. 9 ಡಿಗ್ರಿಗೆ ಲೆಕ್ಕ ಹಾಕಿದರೆ 0.17 ಗಿಗಾಪಾಸ್ಕಲ್ ಸುಳ್ಳು ಒತ್ತಡ, ಸುಮಾರು 1,700 ವಾಯುಮಂಡಲ. ಒತ್ತಡ ಇದ್ದದ್ದಕ್ಕಿಂತ ಹೆಚ್ಚಾಗಿ ಕಂಡದ್ದರಿಂದಲೇ ಗೆರೆ ಕೆಳಕ್ಕೆ ಸರಿದಿತ್ತು. ಮರಿಯಾನಾ ಕಂದರದ ತಳದಲ್ಲಿ ಸಮುದ್ರ ಹೇರುವ ಒತ್ತಡವೇ ಸುಮಾರು 1,100. ನಮ್ಮ ತಪ್ಪಿನ ಆಳ ಅದಕ್ಕಿಂತ ಹೆಚ್ಚು.

ಮೂರನೆಯ ಸಲ ರಾತ್ರಿ ಒಂಬತ್ತೂವರೆಗೆ ಶುರು ಮಾಡಿದೆವು. ಪ್ರತಿ ಅಳತೆಗೂ ಹೊರಗಿನ ಮಾಣಿಕ್ಯವನ್ನು ಅಳೆದೆವು. ಬೆಳಗಿನ ಜಾವ ನಾಲ್ಕಕ್ಕೆ 9 ಗಿಗಾಪಾಸ್ಕಲ್ ತಲುಪಿದಾಗ ಪರದೆಯ ಮೇಲೆ ದಾರ ಹಿಡಿದು ಎಳೆದಂತೆ ಒಂದೇ ಗೆರೆ. 'ಬೇಜಾರಾಯಿತೇ ಸರ್?' ಎಂದಳು. ಆಗಿತ್ತು.

ಎ.ಸಿ. ಬಂದ್ ಆದದ್ದನ್ನು ಏಕೆ ಬರೆದಿಡುತ್ತೀರಿ ಎಂದು ಕಾಕಾ ಅವರನ್ನು ಕೇಳಿದೆ. ವಿಜ್ಞಾನದ ಉತ್ತರವೇನೂ ಬರಲಿಲ್ಲ. 'ಹಿಂದೊಮ್ಮೆ ಸ್ಟೆಬಿಲೈಜರ್ ಸುಟ್ಟಾಗ ನನ್ನನ್ನೇ ಹಿಡಿದು ಕೇಳಿದರು ಸರ್. ನಾಳೆ ಮತ್ತೆ ನನ್ನ ಮೇಲೆ ಬರಬಾರದಲ್ಲ' ಎಂದರು.

ಇಂದೋರಿಗೆ ಮತ್ತೆ ಫೋನ್ ಮಾಡಲು ನನಗೆ ಎರಡು ದಿನ ಹಿಡಿಯಿತು. ಗೆಳೆಯ ನಗಲಿಲ್ಲ. ತನಗೂ ಒಮ್ಮೆ ಹೀಗೇ ಆಗಿತ್ತು, ಚಳಿಗಾಲದ ಬೆಳಗಿನಲ್ಲಿ, ಗೆರೆ ಮುರಿದದ್ದು ಮೇಲಕ್ಕೆ ಎಂದ. ನನಗೆ ಅದನ್ನು ಮೊದಲೇ ಹೇಳಬಾರದಿತ್ತೇ ಎಂದರೆ, ಕೇಳಿದೆನಲ್ಲ ಎಂದ.

ಈಗ ರಜಿಸ್ಟರಿನಲ್ಲಿ ಕೋಣೆಯ ಉಷ್ಣತೆಗೆಂದೇ ಒಂದು ಅಂಕಣವಿದೆ. ಗಂಟೆಗೊಮ್ಮೆ ತುಂಬುವವರು ಕಾಕಾ, ಓದುವವನು ನಾನು. ಕಳೆದ ವಾರದ ಒಂದು ಸಾಲು: 'ಬೆ. 11.15. ಸರ್ ಬಾಗಿಲು ತೆರೆದಿಟ್ಟು ಫೋನಿನಲ್ಲಿ ಮಾತು, 11 ನಿಮಿಷ. 26.5 ಡಿಗ್ರಿ.'