ಪಕ್ಕದ ಮನೆ ಮರ ನಮ್ಮ ಮನೆ ಮೇಲೆ ಬಿದ್ರೆ ದುಡ್ಡು ಯಾರು ಕೊಡಬೇಕು?

ಭರಣಿ ಮಳೆ ಶುರುವಾಯಿತು ಅಂದ್ರೆ ನನ್ನ ಫೋನಿಗೆ ಬಿಡುವಿರುವುದಿಲ್ಲ. ನಾನು ಮೈಸೂರಿನಲ್ಲಿ ಜನರಲ್ ಇನ್ಶೂರೆನ್ಸ್ ಏಜೆಂಟ್. ಸಂಜೆ ಜೋರು ಗಾಳಿ ಎದ್ದರೆ ಸಾಕು, ಬೆಳಗಾಗುವುದರೊಳಗೆ ಯಾರಾದರೂ ಕೇಳಿರುತ್ತಾರೆ: "ಸಾರ್, ಪಕ್ಕದವರ ಮರ ನಮ್ಮ ಮೇಲೆ ಬಿದ್ದಿದೆ. ಅವರ ಇನ್ಶೂರೆನ್ಸಲ್ಲಿ ಕ್ಲೇಮ್ ಮಾಡಬಹುದಾ?"

ಸಾಮಾನ್ಯವಾಗಿ ಆಗುವುದಿಲ್ಲ. ಬಿದ್ದ ಮರ ಯಾರದು ಅನ್ನುವುದಕ್ಕಿಂತ, ಹಾಳಾದ ವಸ್ತು ಯಾರದು, ಅದಕ್ಕೆ ಪಾಲಿಸಿ ಇದೆಯಾ ಅಂತ ವಿಮಾ ಕಂಪನಿ ನೋಡುತ್ತದೆ. ನಿಮ್ಮ ಮನೆಗೆ ನಿಮ್ಮ ಪಾಲಿಸಿ, ನಿಮ್ಮ ಕಾರಿಗೆ ನಿಮ್ಮ ಪಾಲಿಸಿ. ಪಕ್ಕದವರು ಮನೆ ವಿಮೆ ಮಾಡಿಸಿದ್ದರೆ ಅದು ಅವರ ಗೋಡೆಗೆ.

"ಹಾಗಾದ್ರೆ ಅವರಿಗೆ ಏನೂ ಹೊಣೆ ಇಲ್ವಾ?" ಅಂತ ಧ್ವನಿ ಏರುತ್ತದೆ. ಅದಕ್ಕೆ ನಾನು ಎರಡು ಮರದ ಕಥೆ ಹೇಳುತ್ತೇನೆ.

ಒಂದು, ಮಂಡ್ಯದಲ್ಲಿ ನಮ್ಮಕ್ಕನ ಮನೆ ಪಕ್ಕದ ಬೇವಿನ ಮರ. ಹಸಿರಾಗಿತ್ತು, ಗಟ್ಟಿಯಾಗಿತ್ತು. ಒಂದು ರಾತ್ರಿ ಬುಡಸಮೇತ ಕಿತ್ತುಕೊಂಡು ಬಂದು ಕಾಂಪೌಂಡು, ಸಿಮೆಂಟ್ ಶೀಟು, ನೀರಿನ ಟ್ಯಾಂಕು ಮೂರನ್ನೂ ತೆಗೆಯಿತು. ಅಕ್ಕ ಹೋಗಿ ಕೇಳಿದರೆ ಪಕ್ಕದವರು, "ಗಾಳಿ ಬೀಸುದ್ರೆ ನಾನೇನ್ ಮಾಡ್ಲಕ್ಕಾ?" ಅಂದರಂತೆ. ಅಕ್ಕನಿಗೆ ಉರಿದುಹೋಯಿತು. ಆದರೆ ಕಾನೂನು ಹೇಳುವುದೂ ಹೆಚ್ಚು ಕಡಿಮೆ ಅದನ್ನೇ. ಚೆನ್ನಾಗಿದ್ದ ಮರ ಬಿರುಗಾಳಿಗೆ ಬಿದ್ದರೆ ಮಾಲೀಕರ ತಪ್ಪು ಅಂತ ತೋರಿಸುವುದು ಕಷ್ಟ.

ಅಕ್ಕನನ್ನು ಉಳಿಸಿದ್ದು ಅವಳಿಗೇ ಮರೆತುಹೋಗಿದ್ದ ಒಂದು ಕಾಗದ. ಮನೆ ಸಾಲ ತೆಗೆಯುವಾಗ ಬ್ಯಾಂಕಿನವರು ವಿಮೆ ಮಾಡಿಸಿದ್ದರು. ನೀವೂ ನಿಮ್ಮ ಸಾಲದ ಫೈಲು ಒಮ್ಮೆ ತೆಗೆದು ನೋಡಿ, ಎಷ್ಟೋ ಜನರಿಗೆ ತಮ್ಮ ಮನೆಗೆ ಪಾಲಿಸಿ ಇರುವುದೇ ಗೊತ್ತಿರುವುದಿಲ್ಲ. 2021ರ ಏಪ್ರಿಲ್ 1ರಿಂದ ಮನೆಗಳಿಗೆ 'ಭಾರತ್ ಗೃಹ ರಕ್ಷಾ' ಅನ್ನುವ ಒಂದೇ ಮಾದರಿಯ ಪಾಲಿಸಿ ಬಂದಿದೆ. ಅದರಲ್ಲಿ ಬಿರುಗಾಳಿಯೂ ಇದೆ, ಹೊರಗಿನ ವಸ್ತು ಬಂದು ಬಡಿಯುವುದೂ ಇದೆ. ಆ ಬಡಿಯುವುದಕ್ಕೆ ಕೊಟ್ಟಿರುವ ಉದಾಹರಣೆಗಳಲ್ಲಿ ಬೀಳುವ ಮರವೂ ಒಂದು! ಕಾಂಪೌಂಡು, ಗೇಟು, ನೀರಿನ ಟ್ಯಾಂಕು, ಸೋಲಾರ್ ಎಲ್ಲ ಮನೆಯ ಲೆಕ್ಕಕ್ಕೇ ಬರುತ್ತವೆ. ಬೇರು ವರ್ಷಗಟ್ಟಲೆ ನಿಧಾನಕ್ಕೆ ಒತ್ತಿ ಗೋಡೆ ಬಿರುಕು ಬಿಟ್ಟರೆ ಮಾತ್ರ ಕ್ಲೇಮ್ ಆಸೆ ಇಟ್ಟುಕೊಳ್ಳಬೇಡಿ.

ಇನ್ನೊಂದು, ಕುವೆಂಪುನಗರದ ಗುಲ್‌ಮೊಹರ್. ನನಗೆ ಪರಿಚಯದ ಒಬ್ಬರ ಕಾರಿನ ಮೇಲೆ ಬಿತ್ತು. ಅವರ ಹತ್ತಿರ ಇದ್ದದ್ದು ಬರೀ ಥರ್ಡ್ ಪಾರ್ಟಿ. ಅಂದರೆ ಅವರ ಕಾರು ಬೇರೆಯವರಿಗೆ ಮಾಡುವ ಹಾನಿಗೆ ವಿಮೆ, ಅವರ ಕಾರಿಗೇ ಆದ ಹಾನಿಗೆ ಅಲ್ಲ. ಕೈ ಚೆಲ್ಲಿ ಕೂತಿದ್ದರು. ನಾನು ಹೋದಾಗ ಮರ ಇನ್ನೂ ಕಾರಿನ ಮೇಲೇ ಇತ್ತು. ಮುರಿದ ಜಾಗ ನೋಡಿದೆ. ಸುತ್ತ ಎರಡು ಬೆರಳು ದಪ್ಪ ಗಟ್ಟಿ ಮರ, ಒಳಗೆಲ್ಲ ಟೊಳ್ಳು. ಕೈ ಹಾಕಿದರೆ ಕಾಫಿ ಪುಡಿಯ ಹಾಗೆ ಉದುರಿತು, ಜೊತೆಗೆ ಗೆದ್ದಲು.

"ಇದನ್ನ ಪಕ್ಕದವರಿಗೆ ಮೊದಲೇ ಹೇಳಿದ್ರಾ?" ಅಂತ ಕೇಳಿದೆ. ವಾಟ್ಸ್‌ಆ್ಯಪ್ ತೆಗೆದರು. ನಾಲ್ಕು ತಿಂಗಳ ಹಿಂದೆ ಬುಡದ ಫೋಟೋ ಹಾಕಿ, "ಸಾರ್, ಗೆದ್ದಲು ಹಿಡಿದಿದೆ, ತೆಗೆಸಿಬಿಡಿ" ಅಂತ ಬರೆದಿದ್ದರು. ಕೆಳಗೆ ಎರಡು ನೀಲಿ ಟಿಕ್, ಆಮೇಲೆ ಉತ್ತರ: "ನೋಡೋಣ."

ಆ "ನೋಡೋಣ"ದ ಬೆಲೆ ಸಣ್ಣದಲ್ಲ. ಮರ ಅಪಾಯಕಾರಿ ಅಂತ ಗೊತ್ತಿದ್ದೂ ಸುಮ್ನೆ ಕೂತರೆ ಅದು ನಿರ್ಲಕ್ಷ್ಯ. ಆಗ ಗಾಳಿಯ ಮೇಲೆ ಹಾಕಿ ಜಾರಿಕೊಳ್ಳುವುದು ಸುಲಭವಲ್ಲ. ಸಿವಿಲ್ ಕೋರ್ಟಿನಲ್ಲಿ ಪರಿಹಾರ ಕೇಳಬಹುದು. ಇವರು ಕೋರ್ಟಿಗೆ ಹೋಗಲಿಲ್ಲ. ಮೆಸೇಜ್ ತೋರಿಸಿದ ಮೇಲೆ ಪಕ್ಕದವರೇ ರಿಪೇರಿಯ ಅರ್ಧ ಕೊಟ್ಟರು. ಕಾಫಿಯನ್ನೂ ಕೊಟ್ಟರಂತೆ.

ಹಾಗಾಗಿ ಒಣಗಿದ, ವಾಲಿದ ಮರ ಕಂಡರೆ ಕಾಂಪೌಂಡಿನ ಆಚೆ ನಿಂತು ಕೂಗಿ ಹೇಳಿದ್ದು ಸಾಲದು. ಫೋಟೋ ಸಮೇತ, ತಾರೀಖು ಕಾಣುವ ಹಾಗೆ ಬರೆದು ಕಳಿಸಿ. "ಕಡಿಯೋಕೆ ಫಾರೆಸ್ಟ್‌ನವರು ಬಿಡಲ್ಲ" ಅನ್ನುವುದು ಮಾಮೂಲಿ ನೆಪ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಸ್ವಂತ ಜಾಗದ ಮರಕ್ಕೂ ಅನುಮತಿ ಬೇಕು, ನಿಜ. ಆದರೆ ಅರ್ಜಿ ಹಾಕಬೇಡಿ ಅಂತ ಯಾರೂ ಹೇಳಿಲ್ಲವಲ್ಲ! ತೆಂಗಿನ ಮರಕ್ಕಂತೂ ಆ ಕಾಯ್ದೆಯಲ್ಲೇ ವಿನಾಯಿತಿ ಇದೆ. ಏನು ಮಾಡಿದರೂ ಜಗ್ಗದವರಿದ್ದರೆ ಎಕ್ಸಿಕ್ಯೂಟಿವ್ ಮ್ಯಾಜಿಸ್ಟ್ರೇಟರಿಗೆ, ಅಂದರೆ ನಮ್ಮ ಕಡೆ ತಹಶೀಲ್ದಾರರಿಗೋ ಎ.ಸಿ.ಗೋ (ಉಪವಿಭಾಗಾಧಿಕಾರಿ), ದೂರು ಕೊಡಬಹುದು. ಬಿದ್ದು ಜನರಿಗೆ ಪೆಟ್ಟಾಗುವಂಥ ಮರ ತೆಗೆಸಲು ಆದೇಶ ಮಾಡುವ ಅಧಿಕಾರ ಅವರಿಗಿದೆ. ಮೊದಲು ಅದು ಸಿಆರ್‌ಪಿಸಿ (ಹಳೆಯ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ) 133ನೇ ಸೆಕ್ಷನ್ ಆಗಿತ್ತು, 2024ರ ಜುಲೈಯಿಂದ ಬಿಎನ್ಎಸ್ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 152ನೇ ಸೆಕ್ಷನ್.

ಮರ ಬಿದ್ದೇಬಿಟ್ಟಿದೆಯಾ? ಕರೆಂಟ್ ತಂತಿ ಸಿಕ್ಕಿಕೊಂಡಿದ್ದರೆ ಹತ್ತಿರ ಹೋಗಬೇಡಿ, ಕರೆಂಟಿನವರ ಸಹಾಯವಾಣಿ 1912ಕ್ಕೆ ಫೋನ್ ಮಾಡಿ. ಆಮೇಲೆ ಗರಗಸ ಹಾಕಿಸುವ ಮೊದಲು ಮುರಿದ ಜಾಗದ, ಬೇರಿನ ಫೋಟೋ ತೆಗೆಯಿರಿ. ಜನ ಒಡೆದ ಗಾಜಿನ ಫೋಟೋ ಇಪ್ಪತ್ತು ತೆಗೆದಿರುತ್ತಾರೆ, ಬುಡದ್ದು ಒಂದೂ ಇರುವುದಿಲ್ಲ. ಅದೇ ದಿನ ಕಂಪನಿಗೆ ತಿಳಿಸಿ. ಇನ್ನೊಂದು, "ಹೋಗ್ಲಿ ಬಿಡಿ, ನಿಮ್ಮಿಂದ ಏನೂ ಬೇಡ" ಅಂತ ಪಕ್ಕದವರಿಗೆ ಬರೆದುಕೊಡಬೇಡಿ. ನಿಮಗೆ ದುಡ್ಡು ಕೊಟ್ಟ ಕಂಪನಿಗೆ ತಪ್ಪು ಮಾಡಿದವರಿಂದ ಅದನ್ನು ವಸೂಲಿ ಮಾಡುವ ಹಕ್ಕಿರುತ್ತದೆ. ನೀವು ಅದನ್ನು ಬಿಟ್ಟುಕೊಟ್ಟರೆ ನಿಮ್ಮ ಕ್ಲೇಮಿಗೇ ತೊಂದರೆ.

ಅಕ್ಕನ ಕ್ಲೇಮ್ ಬಂತು. ಮರ ಕಡಿದು ಸಾಗಿಸುವ ಖರ್ಚು ಮಾತ್ರ ಪೂರ್ತಿ ಬರಲಿಲ್ಲ, ಯಾಕೆಂದರೆ ಅವಶೇಷ ತೆಗೆಯಲು ಪಾಲಿಸಿ ಕೊಡುವುದು ಕ್ಲೇಮ್ ಮೊತ್ತದ ಶೇ. 2ರವರೆಗೆ ಅಷ್ಟೆ. ಬೇವಿನ ದಿಮ್ಮಿ ಮಾರಿ ಸರಿದೂಗಿಸೋಣ ಅಂತ ಅಕ್ಕ ಸೌದೆ ಮಂಡಿಯವನನ್ನು ಕರೆಸಿದಳು. ಅವನು ಟೇಪು ಹಿಡಿದು ಅಳೆಯುವಾಗ ಪಕ್ಕದವರು ಗೋಡೆ ಮುರಿದ ಸಂದಿಯಿಂದಲೇ ಬಂದು ನಿಂತರು.

"ಅಕ್ಕಾ, ಮರ ನಮ್ದಲ್ವಾ?"

ಕಾನೂನು ಪ್ರಕಾರ ಹೌದು, ಅವರದ್ದೇ. ಅದನ್ನು ಅಕ್ಕನಿಗೆ ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.